ಕನ್ನಡ ಮ್ಯಾಗಜಿನ್ ಲೇಔಟ್: ಒತ್ತಕ್ಷರ ಕೆಳಗಿನ ಸಾಲಿಗೆ ತಾಗ್ತಿದೆ, ಪುಟ 42 ಆಗಿದೆ, ಪ್ರಿಂಟ್‌ಗೆ ಹೇಗೆ ಕೊಡೋದು?

ಕಡಲೆ_ಲೇಔಟ್

ನಮಸ್ಕಾರ. ಗ್ರಾಫಿಕ್ ಡಿಸೈನ್ ಮೂರನೇ ವರ್ಷದ ಪಬ್ಲಿಕೇಶನ್ ಪ್ರಾಜೆಕ್ಟ್. ವಿಷಯ ಬಸವನಗುಡಿ ಕಡಲೆಕಾಯಿ ಪರಿಷೆ. ಪೂರ್ತಿ ಕನ್ನಡ, ಅಲ್ಲಲ್ಲಿ ಇಂಗ್ಲಿಷ್ ಹೆಸರುಗಳಿವೆ.

ಈಗಿರೋದು ಇಷ್ಟು: ಎ4 ಅಳತೆ, ಮೂರು ಕಾಲಂ, ಇನ್‌ಡಿಸೈನ್ ತಂತ್ರಾಂಶ. ನೋಟೊ ಸೆರಿಫ್ ಕನ್ನಡ 11 ಪಾಯಿಂಟ್, ಲೀಡಿಂಗ್ (ಸಾಲಿನಿಂದ ಸಾಲಿಗೆ ಇರೋ ಅಂತರ) ಆಟೊ, ಎರಡೂ ಅಂಚು ಸಮ ಮಾಡಿದ್ದೀನಿ. ಕವರ್ ಸೇರಿ 42 ಪುಟ, ನಡುವೆ ಪಿನ್ ಹೊಡೆಸಬೇಕು. ಎಲ್ಲಾ ಪುಟದಲ್ಲೂ ಫೋಟೊ ಅಂಚಿನವರೆಗೂ ಹೋಗುತ್ತೆ. 12–13ನೇ ಪುಟದಲ್ಲಿ ಎರಡೂ ಪುಟ ದಾಟುವ ದೊಡ್ಡ ತಲೆಬರಹ ಇದೆ. ಐದು ಪ್ರತಿ ಸಾಕು, ಡಿಜಿಟಲ್ ಪ್ರಿಂಟ್.

ತೊಂದರೆಗಳು: ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತೆ. ಕೆಲವು ಕಡೆ ಒತ್ತು ಕೆಳಗೆ ಬರೋ ಬದಲು ಹಲಂತ ಚಿಹ್ನೆ ಹಾಗೇ ಕಂಡು ಅಕ್ಷರ ಪಕ್ಕದಲ್ಲಿ ನಿಲ್ಲುತ್ತೆ, ಅದೇ ಫಾಂಟ್, ಅದೇ ಫೈಲ್. ಪದಗಳ ಮಧ್ಯೆ ದೊಡ್ಡ ದೊಡ್ಡ ಖಾಲಿ ಜಾಗ. ಒಬ್ಬ ಲೇಖಕರು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ವರ್ಡ್ ಫೈಲ್ ಕೊಟ್ಟಿದ್ದಾರೆ, ಅದನ್ನು ಯೂನಿಕೋಡ್ ಪರಿವರ್ತಕಕ್ಕೆ ಹಾಕಿದ ಮೇಲೆ ‘ಬೆಂಗಳೂರು’ ಅಂತ ಹುಡುಕಿದ್ರೆ ಸಿಗ್ತಾನೇ ಇಲ್ಲ, ಕಣ್ಣಿಗೆ ಕಾಣ್ತಿದೆ! ಸಲ್ಲಿಸೋಕೆ ಮೂರು ವಾರ ಇದೆ. ಎಲ್ಲಿಂದ ಸರಿ ಮಾಡ್ತಾ ಬರಲಿ?

ಮೊಳೆಸಾಲು

ಮೊದಲು ಒಂದು ಪ್ಯಾರಾ ಸರಿ ಮಾಡಿ, ಪುಟ ಆಮೇಲೆ. ಇಂಗ್ಲಿಷ್ ಟೆಂಪ್ಲೇಟ್ ತಂದು ಅದರೊಳಗೆ ಕನ್ನಡ ತುಂಬಿದಾಗ ಆಗೋದೇ ಇದು.

ಆಟೊ ಲೀಡಿಂಗ್ ಅಂದ್ರೆ ಅಕ್ಷರದ ಅಳತೆಯ 120 ಪರ್ಸೆಂಟ್. ನಿಮ್ಮ 11ಕ್ಕೆ 13.2 ಪಾಯಿಂಟ್. ರೋಮನ್ ಲಿಪಿಯಲ್ಲಿ ಗೆರೆಯಿಂದ ಕೆಳಕ್ಕೆ ಇಳಿಯೋದು ನಾಲ್ಕೈದು ಅಕ್ಷರದ ಬಾಲ ಮಾತ್ರ, ಅದಕ್ಕೆ ಅಷ್ಟು ಸಾಕು. ನಮ್ಮಲ್ಲಿ ಪ್ರತಿ ಸಾಲಿನಲ್ಲೂ ಒತ್ತಕ್ಷರ ಇರುತ್ತೆ, ಕೆಲವು ಕಡೆ ಒತ್ತಿಗೆ ಇನ್ನೊಂದು ಒತ್ತು. ಮೇಲೆ ಗುಡಿಸು, ಏತ್ವ ಬೇರೆ. ಕನ್ನಡಕ್ಕೆ 145ರಿಂದ 160 ಪರ್ಸೆಂಟ್ ಬೇಕು. ಫಾಂಟ್‌ನಿಂದ ಫಾಂಟ್‌ಗೆ ವ್ಯತ್ಯಾಸ ಆಗೋದ್ರಿಂದ ಪರೀಕ್ಷೆ ಮಾಡಿಯೇ ನೋಡಬೇಕು. ಮೇಲಿನ ಸಾಲಿಗೆ ‘ರಾಷ್ಟ್ರ ಸ್ತ್ರೀ ಶಾಸ್ತ್ರ ವೈಶಿಷ್ಟ್ಯ ಸಂಸ್ಕೃತಿ’, ಅದರ ಕೆಳಗೆ ‘ಶೀಘ್ರ ಕೌದಿ ಹೇಳಿಕೆ ಖೇದ ಥೈಲಿ’ ಹಾಕಿ. ಇದೇ ಎರಡು ಸಾಲನ್ನು 15, 16, 17, 18 ಲೀಡಿಂಗ್‌ನಲ್ಲಿ ನಾಲ್ಕು ಸಲ ಇಟ್ಟು ನೂರಕ್ಕೆ ನೂರು ಅಳತೆಯಲ್ಲಿ ಪ್ರಿಂಟ್ ತೆಗೀರಿ. ಷಕಾರದ ಕೆಳಗೆ ಟ ಒತ್ತು, ಅದರ ಪಕ್ಕಕ್ಕೋ ಕೆಳಕ್ಕೋ ರ ಒತ್ತು. ಆ ರ ಒತ್ತಿನ ತುದಿಗೂ ಕೆಳಗಿನ ಸಾಲಿನ ‘ಶೀ’ ಗುಡಿಸಿಗೂ ನಡುವೆ ಬಿಳಿ ಕಾಗದ ಕಾಣೋ ಮೊದಲ ಅಳತೆಯೇ ನಿಮ್ಮ ಲೀಡಿಂಗ್. ಪರದೆ ಮೇಲೆ ದೊಡ್ಡದು ಮಾಡಿ ನೋಡಿ ತೀರ್ಮಾನ ಮಾಡಬೇಡಿ, ಅಲ್ಲಿ ಎಲ್ಲವೂ ಬಿಡಿಬಿಡಿಯಾಗೇ ಕಾಣುತ್ತೆ.

ಹಲಂತ ಕಂಡು ಅಕ್ಷರ ಪಕ್ಕಕ್ಕೆ ನಿಲ್ಲೋದು ಫಾಂಟ್ ತಪ್ಪಲ್ಲ, ಕಂಪೋಸರ್ (ಇನ್‌ಡಿಸೈನ್‌ನಲ್ಲಿ ಅಕ್ಷರ, ಸಾಲು ಜೋಡಿಸೋ ಭಾಗ) ತಪ್ಪು. ಪ್ಯಾರಾಗ್ರಾಫ್ ಸ್ಟೈಲ್ ತೆರೆದು ಜಸ್ಟಿಫಿಕೇಶನ್ ವಿಭಾಗದಲ್ಲಿ ಕಂಪೋಸರ್ ಅನ್ನೋ ಕಡೆ ‘ಅಡೋಬ್ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆರಿಸಿ. ಕೆಲವು ಕಡೆ ಸರಿ, ಕೆಲವು ಕಡೆ ತಪ್ಪು ಅಂದ್ರೆ ನಿಮ್ಮ ಸ್ಟೈಲ್‌ಗಳಲ್ಲಿ ಅರ್ಧ ಮಾತ್ರ ಬದಲಾಗಿದೆ ಅಂತ. ‘ಮೂಲ’ ಅಂತ ಒಂದು ಸ್ಟೈಲ್ ಮಾಡಿ, ಅದರಲ್ಲಿ ಕಂಪೋಸರ್, ಭಾಷೆ ಕನ್ನಡ, ಲೀಡಿಂಗ್ ಎಲ್ಲಾ ಇಟ್ಟು, ಉಳಿದ ಎಲ್ಲಾ ಸ್ಟೈಲ್ ಅದರ ಮೇಲೆ ನಿಲ್ಲಿಸಿ. ಕೈಯಲ್ಲಿ ಒಂದೊಂದೇ ಪ್ಯಾರಾ ಸರಿ ಮಾಡ್ತಾ ಹೋದ್ರೆ ಫೋಟೊ ಶೀರ್ಷಿಕೆಯಲ್ಲಿ ಒಂದು ತಪ್ಪಿಸಿಕೊಂಡು ಪ್ರಿಂಟ್‌ನಲ್ಲೇ ಕಾಣುತ್ತೆ. ಇಲಸ್ಟ್ರೇಟರ್‌ನಲ್ಲಿ ನಕ್ಷೆ ಮಾಡಿದ್ರೆ ಅಲ್ಲೂ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ಇಂಡಿಕ್ ಆಯ್ಕೆ ಹಾಕಿಕೊಳ್ಳಿ.

ಇನ್ನು ಮಾಡಬಾರದ್ದು. ಟ್ರ್ಯಾಕಿಂಗ್, ಅಂದ್ರೆ ಅಕ್ಷರಗಳ ನಡುವಿನ ಅಂತರ, ಸೊನ್ನೆಯಲ್ಲೇ ಇರಲಿ. ತಲೆಬರಹ ಅಗಲ ಕಾಣಲಿ ಅಂತ 50 ಕೊಟ್ಟರೆ ದೀರ್ಘ ಒಂದು ಕಡೆ, ಅಕ್ಷರ ಒಂದು ಕಡೆ. ದಪ್ಪಕ್ಕೆ ಅಂತ ಅಕ್ಷರದ ಸುತ್ತ ಸ್ಟ್ರೋಕ್ (ಗೆರೆ) ಹಚ್ಚಬೇಡಿ, ‘ಷ’ದ ಹೊಟ್ಟೆ ಮುಚ್ಚಿ ‘ಪ’ ಥರ ಆಗುತ್ತೆ. ಓರೆ ಅಕ್ಷರ ಬೇಕು ಅಂತ ಸ್ಕ್ಯೂ ಮಾಡೋದೂ ಬೇಡ. ಕನ್ನಡದಲ್ಲಿ ಪದವನ್ನು ಎತ್ತಿ ತೋರಿಸೋಕೆ ದಪ್ಪಕ್ಷರ ಇದೆ, ಉದ್ಧರಣ ಚಿಹ್ನೆ ಇದೆ. ನಿಜವಾದ ಓರೆ ಬೇಕೇ ಬೇಕಂದ್ರೆ ತಿರೊ ಕನ್ನಡದಲ್ಲಿ ಇದೆ, ಉಚಿತ. ಅಗಲ–ಕಿರಿದು ತಲೆಬರಹಕ್ಕೆ ಅನೇಕ್ ಕನ್ನಡ ವೇರಿಯಬಲ್ ಫಾಂಟ್ ನೋಡಿ, ಅದರಲ್ಲಿ ಅಗಲವನ್ನೇ ಹೊಂದಿಸಬಹುದು.

ಗ್ರಿಡ್ ಬಗ್ಗೆ ಈಗಲೇ ಹೇಳಲ್ಲ. ಪುಟದ ಅಳತೆ ಪ್ರೆಸ್ ಶೀಟ್‌ಗೆ ಕೂರುತ್ತಾ ಅಂತ ಯಾರಾದ್ರೂ ಹೇಳಲಿ.

ಕರಡು_ಕಣ್ಣು

ಪಠ್ಯದ ಬಗ್ಗೆ ನಾನು ಹೇಳ್ತೀನಿ. ವಿನ್ಯಾಸಕಾರರು ಇದನ್ನು ಕೊನೆಗೆ ಬಿಡ್ತಾರೆ, ಆಮೇಲೆ ಎಲ್ಲಾ ಸಾಲು ಮತ್ತೆ ಹರಿದು ಪುಟವೆಲ್ಲ ಕದಲುತ್ತೆ. ಪುಟಕ್ಕೆ ಸುರಿಯೋ ಮುಂಚೆಯೇ ಶುದ್ಧ ಮಾಡಿ.

ನಿಮ್ಮ ‘ಬೆಂಗಳೂರು’ ಯಾಕೆ ಸಿಗ್ತಿಲ್ಲ ಅಂದ್ರೆ, ಹೆಚ್ಚಾಗಿ ಅದು ‘ಬೆ೦ಗಳೂರು’ ಆಗಿರುತ್ತೆ. ಎರಡನ್ನೂ ಹತ್ತಿರದಿಂದ ನೋಡಿ. ಮೊದಲನೆಯದರಲ್ಲಿ ಇರೋದು ಅನುಸ್ವಾರ, ಎರಡನೆಯದರಲ್ಲಿ ಕನ್ನಡ ಅಂಕಿ ಸೊನ್ನೆ. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಇದೇ ಕುಲದ ಇನ್ನೆರಡು: ಅರ್ಕಾವತ್ತಿನ ಜಾಗದಲ್ಲಿ ಅಂಕಿ ಒಂಬತ್ತು (‘ಧರ್ಮ’ ಅನ್ನೋದು ‘ಧಮ೯’), ವಿಸರ್ಗದ ಜಾಗದಲ್ಲಿ ಇಂಗ್ಲಿಷ್ ಕೋಲನ್ (‘ದುಃಖ’ ಅನ್ನೋದು ‘ದು:ಖ’).

ಸೊನ್ನೆಯನ್ನೆಲ್ಲಾ ಒಂದೇ ಏಟಿಗೆ ಅನುಸ್ವಾರ ಮಾಡಿದ್ರೆ ‘೧೦’, ‘೨೦೦’ ಎಲ್ಲಾ ಕೆಡುತ್ತೆ. ಫೈಂಡ್/ಚೇಂಜ್‌ನ ಗ್ರೆಪ್ (ನಮೂನೆ ಕೊಟ್ಟು ಹುಡುಕೋ) ಟ್ಯಾಬ್‌ನಲ್ಲಿ, ಹಿಂದೆ ಕನ್ನಡ ಅಕ್ಷರ ಅಥವಾ ಸ್ವರಚಿಹ್ನೆ ಇರೋ ಸೊನ್ನೆಯನ್ನು ಮಾತ್ರ ಹಿಡಿಯೋ ಹಾಗೆ ಬರೀರಿ. ಹಿಂದೆ ಅಂಕಿ ಇದ್ರೆ ಬಿಟ್ಟುಬಿಡಲಿ. ಒಂಬತ್ತಿನದು ಇನ್ನೂ ಕಷ್ಟ. ಯೂನಿಕೋಡ್‌ನಲ್ಲಿ ಅರ್ಕಾವತ್ತಿನ ‘ರ್’ ವ್ಯಂಜನಕ್ಕಿಂತ ಮೊದಲು ಕೂರಬೇಕು, ಟೈಪ್ ಮಾಡಿದವರು ಕಾಣುವ ಕ್ರಮದಲ್ಲಿ ವ್ಯಂಜನ ಆದಮೇಲೆ ಹಾಕಿರ್ತಾರೆ. ಒಂದೊಂದೇ ನೋಡಿ ಬದಲಿಸೋದು ವಾಸಿ, ನಲವತ್ತು ಪುಟದಲ್ಲಿ ಅಷ್ಟೇನೂ ಬರಲ್ಲ.

ಎರಡನೆಯದು, ಕಾಣದ ಅಕ್ಷರ. ‘ಸಾಫ್ಟ್‌ವೇರ್’ ಬರೆದಾಗ ಟ್ ಮತ್ತು ವೇ ನಡುವೆ ಕೂಡದಂತೆ ತಡೆಯೋ ಒಂದು ಅಗೋಚರ ಚಿಹ್ನೆ ಇರುತ್ತೆ, ನಾನ್ ಜಾಯ್ನರ್. ಅದು ಹೋದ್ರೆ ‘ಸಾಫ್ಟ್ವೇರ್’. ‘ಇಂಟರ್‌ನೆಟ್’ ಹೋಗಿ ಅರ್ಕಾವತ್ತು ಹೊತ್ತ ‘ಇಂಟರ್ನೆಟ್’. ವರ್ಡ್‌ನಲ್ಲಿ ಅನಗತ್ಯ ಚಿಹ್ನೆಗಳನ್ನು ಗುಡಿಸಿ ಹಾಕ್ತೀನಿ ಅಂತ ಹೊರಟವರು ಮೊದಲು ಕೊಲ್ಲೋದು ಇದನ್ನೇ. ಇನ್‌ಡಿಸೈನ್‌ನಲ್ಲಿ ವಾಪಸ್ ಹಾಕೋಕೆ ಟೈಪ್ ಮೆನು > ಇನ್ಸರ್ಟ್ ಸ್ಪೆಷಲ್ ಕ್ಯಾರೆಕ್ಟರ್ > ಅದರ್ > ನಾನ್ ಜಾಯ್ನರ್. ‘ರ‍್ಯಾಲಿ’ಗೆ ಬೇರೆ ಮದ್ದು. ಅಲ್ಲಿ ರ ಆದ ಕೂಡಲೇ ಜಾಯ್ನರ್ (ಇದೂ ಕಾಣದ ಚಿಹ್ನೆಯೇ), ಆಮೇಲೆ ಹಲಂತ, ಆಮೇಲೆ ಯ. ಇಲ್ಲದಿದ್ರೆ ‘ರ್ಯಾಲಿ’ ಆಗುತ್ತೆ.

ನುಡಿ, ಬರಹದ ಹಳೇ ಫಾಂಟ್‌ಗಳಲ್ಲಿ ಕನ್ನಡದ ತುಂಡುಗಳನ್ನು ರೋಮನ್ ಅಕ್ಷರದ ಮನೆಗಳಲ್ಲಿ ಕೂರಿಸಿರ್ತಾರೆ. ಫಾಂಟ್ ತೆಗೆದ ಕ್ಷಣ ಕಲಸುಮೇಲೋಗರ. ಹಾಗಾಗಿ ಲೇಖನದ ನಡುವೆ ನಿಜವಾದ ಇಂಗ್ಲಿಷ್ ಪದ ಇದ್ರೆ ಪರಿವರ್ತಕ ಅದನ್ನೂ ಕನ್ನಡ ಅಂದುಕೊಂಡು ಅರೆಯುತ್ತೆ. ಪರಿವರ್ತನೆಗೆ ಮುಂಚೆ ಇಂಗ್ಲಿಷ್ ಪದಗಳ ಪಟ್ಟಿ ಬರೆದಿಟ್ಟುಕೊಂಡು ಆಮೇಲೆ ಮೂಲದೊಂದಿಗೆ ಹೋಲಿಸಿ.

ಅಂಕಿ ಕನ್ನಡದ್ದೋ ಇಂಗ್ಲಿಷಿನದ್ದೋ, ಯಾವುದಾದ್ರೂ ಸರಿ, ಪುಟಸಂಖ್ಯೆಯಿಂದ ಫೋಟೊ ಶೀರ್ಷಿಕೆವರೆಗೆ ಒಂದೇ ಇರಲಿ.

ಪಿನ್ನು_ಪಟ್ಟಿ

ಪ್ರೀಪ್ರೆಸ್, ಅಂದ್ರೆ ಪ್ರಿಂಟ್‌ಗೆ ಫೈಲ್ ಸಿದ್ಧ ಮಾಡೋರ ಕಡೆಯಿಂದ.

42 ಪುಟ ಪಿನ್ ಬೈಂಡಿಂಗ್‌ಗೆ ಆಗಲ್ಲ. ಒಂದು ಶೀಟ್ ಮಡಚಿದ್ರೆ ನಾಲ್ಕು ಪುಟ, ಆದ್ದರಿಂದ 40 ಇಲ್ಲ 44. 40ಕ್ಕೆ ಇಳಿಸಿ. ಕವರ್ 4, ಒಳಗೆ 36, ಅಂದ್ರೆ 9 ಶೀಟ್.

ಎ4ನಲ್ಲಿ ಅಂಚಿನವರೆಗೆ ಫೋಟೊ ಅಂದ್ರಲ್ಲ, ಲೆಕ್ಕ ನೋಡಿ. ಡಿಜಿಟಲ್ ಅಂಗಡಿಗಳಲ್ಲಿ ಸಾಮಾನ್ಯ ಶೀಟ್ 12×18 ಇಂಚು, ಅಂದ್ರೆ 305×457 ಮಿಮೀ. ಎ4 ಎತ್ತರ 297, ಮೇಲೆ ಕೆಳಗೆ 3–3 ಬ್ಲೀಡ್ (ಕಟಿಂಗ್‌ಗೆ ಅಂತ ಪುಟದ ಅಂಚಿನಾಚೆ ಬಿಡೋ ಚಿತ್ರ) ಸೇರಿ 303. ಶೀಟ್ ಒಳಗೆ ಕೂತ ಹಾಗೆ ಕಾಣುತ್ತೆ, ಆದ್ರೆ ಮೆಷಿನ್ ಸುತ್ತಲೂ ನಾಲ್ಕೈದು ಮಿಮೀ ಪ್ರಿಂಟೇ ಮಾಡಲ್ಲ. ಬ್ಲೀಡ್ ಹೋಯ್ತು, ಕಟಿಂಗ್‌ನಲ್ಲಿ ಬಿಳಿ ಗೆರೆ. ಎರಡೇ ದಾರಿ: 13×19 ಶೀಟ್ ಇರೋ ಅಂಗಡಿ ಹುಡುಕೋದು, ಇಲ್ಲಾ ಪುಟವನ್ನು 205×280ಕ್ಕೆ ಇಳಿಸೋದು. ಎರಡನೆಯದೇ ಮಾಡಿ. ಯಾವ ಅಂಗಡಿಗೆ ಹೋದ್ರೂ ನಡೆಯುತ್ತೆ. ಚಿಕ್ಕಪೇಟೆ ಮೆಟ್ರೊ ಇಳಿದು ಸುಲ್ತಾನ್‌ಪೇಟೆ ಕಡೆ ಹೋದ್ರೆ ಕಾಗದದ ಅಂಗಡಿಗಳೂ ಪ್ರಿಂಟಿಂಗೂ ಅಕ್ಕಪಕ್ಕದಲ್ಲೇ ಇವೆ, ಕಾಗದ ಕೈಯಲ್ಲಿ ಮುಟ್ಟಿ ನೋಡಿ ತಗೊಳ್ಳಿ. ಕಾಗದದ ನಾರು ಬೆನ್ನಿಗೆ ಸಮಾನಾಂತರ ಇರಬೇಕು. ಗೊತ್ತಾಗದಿದ್ರೆ ಶೀಟನ್ನು ಎರಡೂ ದಿಕ್ಕಿಗೆ ಮೆಲ್ಲಗೆ ಬಗ್ಗಿಸಿ, ಸುಲಭವಾಗಿ ಬಗ್ಗೋ ದಿಕ್ಕಿನಲ್ಲೇ ಮಡಿಕೆ ಬರಲಿ. ಅಡ್ಡ ನಾರಿಗೆ ಮಡಚಿದ ಪತ್ರಿಕೆ ಟೇಬಲ್ ಮೇಲೆ ಬಾಯಿ ತೆರೆದುಕೊಂಡು ಕೂರುತ್ತೆ.

ಒಂದೇ ಶೀಟ್‌ನ ಒಂದೇ ಮುಖದಲ್ಲಿ ಬರೋ ಎರಡು ಪುಟಗಳ ಮೊತ್ತ 41 ಆಗಬೇಕು: 1–40, 2–39, ಹೀಗೇ. 20 ಮತ್ತು 21 ಮಾತ್ರ ಎದುರುಬದುರಾಗಿ ಒಂದೇ ಕಾಗದದ ಮೇಲೆ ಇರುತ್ತವೆ. ನಿಮ್ಮ 12ನೇ ಪುಟ ಇರೋದು 29ರ ಪಕ್ಕ, 13 ಇರೋದು 28ರ ಪಕ್ಕ. ಎರಡು ಬೇರೆ ಶೀಟ್. ಪಿನ್ ಹೊಡೆದಾಗ ಒಂದು ಮಿಮೀ ಮೇಲೆ ಕೆಳಗೆ ಆಗೇ ಆಗುತ್ತೆ. ತಲೆಬರಹವನ್ನು ನಡುಪುಟ 20–21ಕ್ಕೆ ಒಯ್ಯಿರಿ. ಅಲ್ಲೂ ಮಡಿಕೆ ಅಕ್ಷರದ ಮೇಲೆ ಬೀಳದೆ ಎರಡು ಪದಗಳ ನಡುವೆ ಬರಲಿ, ಪಿನ್ ಅಲ್ಲೇ ಚುಚ್ಚುತ್ತೆ.

ಒಳಗಿನ ಶೀಟ್‌ಗಳು ಹೊರಕ್ಕೆ ಚಾಚಿಕೊಳ್ತವೆ. 100 ಜಿಎಸ್‌ಎಂ (ಚದರ ಮೀಟರಿಗೆ 100 ಗ್ರಾಂ) ಮ್ಯಾಪ್‌ಲಿಥೊ, ಅಂದ್ರೆ ಹೊಳಪಿಲ್ಲದ ಮಾಮೂಲಿ ಕಾಗದ, ಸುಮಾರು 0.12 ಮಿಮೀ ದಪ್ಪ, 9 ಶೀಟ್‌ಗೆ ಸುಮಾರು ಒಂದು ಮಿಮೀ. ಮೂರೂ ಕಡೆ ಕಟ್ ಮಾಡಿದಾಗ ನಡುಪುಟದ ಹೊರ ಮಾರ್ಜಿನ್ ಅಷ್ಟು ಕಡಿಮೆ ಆಗುತ್ತೆ. ಪುಟಸಂಖ್ಯೆ ಅಂಚಿಂದ ಕನಿಷ್ಠ 10 ಮಿಮೀ ದೂರ ಇರಲಿ. ಅಂಚಿಗೆ ಅಂಟಿಸಿ 2 ಮಿಮೀ ಬಣ್ಣದ ಪಟ್ಟಿ ಇಡೋದು ಈಗಿನ ಫ್ಯಾಷನ್ನು, ಅದು ಮೊದಲ ಪುಟದಲ್ಲಿ 2 ಇದ್ದದ್ದು ನಡುವೆ 1 ಆಗಿರುತ್ತೆ.

ಕಪ್ಪು. ವರ್ಡ್‌ನಿಂದ ಬಂದ ಪಠ್ಯದ ಕಪ್ಪು ಬಹಳ ಸಲ ಆರ್‌ಜಿಬಿ (ಪರದೆಯ ಬಣ್ಣ) ಆಗಿರುತ್ತೆ, ಸಿಎಂವೈಕೆಗೆ (ಪ್ರಿಂಟ್‌ನ ನಾಲ್ಕು ಬಣ್ಣಕ್ಕೆ) ಹೋದಾಗ ನಾಲ್ಕು ಬಣ್ಣದ ಕಪ್ಪು. ನಾಲ್ಕು ಬಣ್ಣ ಕೂದಲೆಳೆ ಅಂತರ ತಪ್ಪಿದ್ರೂ ಒತ್ತಕ್ಷರದ ಸುತ್ತ ಬಣ್ಣದ ನೆರಳು. ಸೆಪರೇಶನ್ಸ್ ಪ್ರಿವ್ಯೂ ತೆರೆದು ಬ್ಲ್ಯಾಕ್ ಪಕ್ಕದ ಕಣ್ಣಿನ ಗುರುತು ಒತ್ತಿ ಅದನ್ನು ಮರೆಮಾಡಿ. ಪಠ್ಯ ಪೂರ್ತಿ ಮಾಯ ಆಗಬೇಕು. ಮಸುಕಾಗಿ ಉಳಿದ್ರೆ ಆ ಸ್ವಾಚ್ (ಬಣ್ಣದ ಆಯ್ಕೆ) ಬದಲಿಸಿ.

ಫೋಟೊ: ಲಿಂಕ್ಸ್ ಪ್ಯಾನೆಲ್‌ನಲ್ಲಿ ಎಫೆಕ್ಟಿವ್ ಪಿಪಿಐ (ಇಂಚಿಗೆ ಎಷ್ಟು ಪಿಕ್ಸೆಲ್) 300 ಆಸುಪಾಸು ಇರಲಿ. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೊ ಆಗಿ ಬಂದದ್ದು ಉದ್ದಕ್ಕೆ 1600 ಪಿಕ್ಸೆಲ್ ಇದ್ರೆ 300ರಲ್ಲಿ 135 ಮಿಮೀ ಅಷ್ಟೇ, ಅರ್ಧ ಪುಟಕ್ಕಿಂತ ಹೆಚ್ಚು ಬೇಡ. ಕಳಿಸೋರಿಗೆ ‘ಡಾಕ್ಯುಮೆಂಟ್ ಆಗಿ ಕಳ್ಸಿ’ ಅನ್ನಿ. ಪರಿಷೆ ಅಂದ್ರೆ ರಾತ್ರಿ ಫೋಟೊಗಳೇ ಜಾಸ್ತಿ ಇರ್ತವೆ. ಮ್ಯಾಪ್‌ಲಿಥೊ ಮೇಲೆ ಕತ್ತಲೆ ಜಾಗವೆಲ್ಲ ಕಟ್ಟಿಕೊಳ್ಳುತ್ತೆ. ನೆರಳಿನ ಭಾಗವನ್ನು ಪರದೆ ಮೇಲೆ ಸ್ವಲ್ಪ ಅತಿ ಅನ್ನಿಸುವಷ್ಟು ತಿಳಿ ಮಾಡಿ ಕಳಿಸಿ.

ಪಿಡಿಎಫ್ ಬಿಡಿ ಪುಟಗಳಾಗಿ, ಕ್ರಮವಾಗಿ 1ರಿಂದ 40. ಸ್ಪ್ರೆಡ್ (ಜೋಡಿ ಪುಟ) ಬೇಡ, ಜೋಡಣೆ ನಾವೇ ಮಾಡ್ತೀವಿ. ಪಿಡಿಎಫ್/ಎಕ್ಸ್-4, ಬ್ಲೀಡ್ 3 ಮಿಮೀ, ಕಟ್ ಗುರುತು ಇರಲಿ. ವರ್ಡ್ ಫೈಲ್ ಮಾತ್ರ ತರಬೇಡಿ ದಯವಿಟ್ಟು.

ಕಡಲೆ_ಲೇಔಟ್

ತುಂಬಾ ಥ್ಯಾಂಕ್ಸ್ ಸರ್, ಮೇಡಂ. ಸೊನ್ನೆ ವಿಷಯ ಅದೇ ಆಗಿತ್ತು. ಟೆಸ್ಟ್ ಸಾಲುಗಳಲ್ಲಿ 16ಕ್ಕೆ ‘ಷ್ಟ್ರ’ ಇನ್ನೂ ಸವರುತ್ತಿತ್ತು, 17ಕ್ಕೆ ಬಿಟ್ಟಿತು. ಪುಟ 205×280 ಮಾಡಿದೆ. ಈಗ ಎರಡು ಪ್ರಶ್ನೆ: ಗ್ರಿಡ್ ಹೇಗೆ? ಮತ್ತೆ ಎರಡೂ ಅಂಚು ಸಮ ಇರಲೇಬೇಕು ಅಂತ ನನಗಾಸೆ, ದಿನಪತ್ರಿಕೆಗಳು ಮಾಡ್ತಾವಲ್ಲ?

ಮೊಳೆಸಾಲು

17 ಸಿಕ್ಕಿತಲ್ಲ, ಉಳಿದದ್ದು ಅದರಿಂದಲೇ ಬರುತ್ತೆ. 40 ಸಾಲು × 17 = 680 ಪಾಯಿಂಟ್, ಅಂದ್ರೆ 240 ಮಿಮೀ. 280ರಲ್ಲಿ 40 ಉಳಿಯಿತು: ಮೇಲೆ 17, ಕೆಳಗೆ 23. ಒಳ ಮಾರ್ಜಿನ್ 20, ಹೊರಗೆ 17, ಪಠ್ಯದ ಅಗಲ 168. ಬೇಸ್‌ಲೈನ್ ಗ್ರಿಡ್ (ಸಾಲುಗಳು ಕೂರೋ ಅಡಿಗೆರೆಗಳು) 17 ಪಾಯಿಂಟ್, ಮೇಲಿನ ಮಾರ್ಜಿನ್‌ನಿಂದ ಶುರು. ಟೆಕ್ಸ್ಟ್ ಫ್ರೇಮ್ ಆಪ್ಷನ್ಸ್‌ನಲ್ಲಿ ಫಸ್ಟ್ ಬೇಸ್‌ಲೈನ್ ‘ಅಸೆಂಟ್’ ಅಂತಿರುತ್ತೆ, ಅದನ್ನು ‘ಲೀಡಿಂಗ್’ ಮಾಡಿ. ಇಲ್ಲದಿದ್ರೆ ಒಂದೊಂದು ಫಾಂಟ್‌ಗೆ ಮೊದಲ ಸಾಲು ಒಂದೊಂದು ಎತ್ತರದಲ್ಲಿ ಕೂರುತ್ತೆ. ಫೋಟೊ ಶೀರ್ಷಿಕೆ 8.5ಕ್ಕೆ 12.75 ಲೀಡಿಂಗ್ ಕೊಡಿ, ಅದರ ನಾಲ್ಕು ಸಾಲು ಮುಖ್ಯ ಪಠ್ಯದ ಮೂರು ಸಾಲಿಗೆ ಸರಿಯಾಗಿ ಬಂದು ಸೇರುತ್ತೆ. ಇಂಗ್ಲಿಷ್ ಹೆಸರುಗಳಿಗೆ ಬೇರೆ ಕ್ಯಾರೆಕ್ಟರ್ ಸ್ಟೈಲ್, ಅಳತೆ ಸುಮಾರು 90 ಪರ್ಸೆಂಟ್. ಅದನ್ನು ಗ್ರೆಪ್ ಸ್ಟೈಲ್‌ನಿಂದ ತಾನಾಗೇ ಹಚ್ಚಿಕೊಳ್ಳೋ ಹಾಗೆ ಮಾಡಿ.

ಮೂರು ಕಾಲಂ ಬಿಡಿ. ನಡುವೆ 5 ಮಿಮೀ ಬಿಟ್ಟರೆ ಕಾಲಂ 52 ಮಿಮೀ ಚಿಲ್ಲರೆ, 11 ಪಾಯಿಂಟ್‌ನಲ್ಲಿ ಸಾಲಿಗೆ ನಾಲ್ಕು ಪದ. ‘ಮಾಡಿಕೊಂಡಿರಲಿಲ್ಲವೆಂಬುದನ್ನು’ ಅಂತ ಒಂದು ಬಂದ್ರೆ ಪಕ್ಕದಲ್ಲಿ ಒಂದು ಪದ ಕೂತು ನಡುವೆ ಆಟದ ಮೈದಾನ. ಎರಡು ಕಾಲಂ, ನಡುವೆ 6, ತಲಾ 81 ಮಿಮೀ. ಎಡಕ್ಕೆ ಸಮ, ಬಲಕ್ಕೆ ಬಿಟ್ಟ ಅಂಚು. ನನ್ನ ಮತ ಇದೇ.

ಕರಡು_ಕಣ್ಣು

ಎರಡು ಕಾಲಂ ಅನ್ನೋದಕ್ಕೆ ಒಪ್ಪಿಗೆ, ಬಿಟ್ಟ ಅಂಚಿಗೆ ಇಲ್ಲ. ಕನ್ನಡದಲ್ಲಿ ಉದ್ದ ಪದ ಬಂದಾಗ ಬಲಗಡೆ ಕಾಲು ಕಾಲಂ ಖಾಲಿ ಬೀಳುತ್ತೆ, ಹಲ್ಲು ಬಿದ್ದ ಬಾಯಿ ಥರ. 81 ಮಿಮೀ ಇದ್ರೆ ಸಮ ಮಾಡಬಹುದು, ಆದ್ರೆ ಪದ ಒಡೆಯೋಕೆ ಬಿಡಬೇಕು. ದಿನಪತ್ರಿಕೆಗಳು ಸಣ್ಣ ಕಾಲಂನಲ್ಲಿ ಬದುಕೋದೇ ಪದ ಒಡೆದು. ಪ್ಯಾರಾ ಭಾಷೆ ಕನ್ನಡ ಅಂತ ಇಟ್ಟು ಹೈಫನೇಶನ್ ಆನ್ ಮಾಡಿ. ಒಂದರ ಕೆಳಗೊಂದು ಎರಡಕ್ಕಿಂತ ಹೆಚ್ಚು ಅಡ್ಡಗೆರೆ ಬೇಡ, ಸಾಲಿನ ಕೊನೆಗೂ ಮುಂದಿನ ಸಾಲಿನ ತಲೆಗೂ ಕನಿಷ್ಠ ಎರಡು ಮೂರು ಅಕ್ಷರ ಉಳೀಲಿ. ಜಸ್ಟಿಫಿಕೇಶನ್‌ನಲ್ಲಿ ಲೆಟರ್ ಸ್ಪೇಸಿಂಗ್ ಮೂರೂ ಮನೆ ಸೊನ್ನೆ. ಗ್ಲಿಫ್ ಸ್ಕೇಲಿಂಗ್ (ಅಕ್ಷರದ ಅಗಲ ಹಿಗ್ಗಿಸೋದು, ಕುಗ್ಗಿಸೋದು) 98–100–102 ಇಟ್ಟರೆ ಕಣ್ಣಿಗೆ ಗೊತ್ತಾಗಲ್ಲ, ಖಾಲಿ ಜಾಗ ಮಾತ್ರ ಕಮ್ಮಿ ಆಗುತ್ತೆ. ‘ಕಡಲೆ-ಕಾಯಿ’ ಸರಿ, ‘ಕಡ-ಲೆಕಾಯಿ’ ತಪ್ಪು. ಅಂಥದ್ದನ್ನು ಕೈಯಲ್ಲಿ ಡಿಸ್ಕ್ರೆಷನರಿ ಹೈಫನ್ (ಸಾಲು ಮುರಿದಾಗ ಮಾತ್ರ ಕಾಣೋ ಹೈಫನ್) ಹಾಕಿ ತಿದ್ದಬೇಕು. ಮಾಮೂಲಿ ಹೈಫನ್ ಹಾಕಿದ್ರೆ ಸಾಲು ಕದಲಿದಾಗ ಪದದ ಹೊಟ್ಟೆಯಲ್ಲೇ ಗೆರೆ ಉಳಿದುಬಿಡುತ್ತೆ.

ಡ್ರಾಪ್ ಕ್ಯಾಪ್ (ಲೇಖನದ ಮೊದಲ ಅಕ್ಷರ ದೊಡ್ಡದು) ಇಟ್ಟಿದ್ರೆ, ಒತ್ತಕ್ಷರದಿಂದ ಶುರುವಾಗೋ ಲೇಖನಕ್ಕೆ ಬೇಡ. ‘ಸ್ತ್ರೀ’ಯನ್ನು ಮೂರು ಸಾಲು ಎತ್ತರ ಮಾಡಿದ್ರೆ ಅದರ ಒತ್ತುಗಳು ನಾಲ್ಕನೇ ಸಾಲಿನ ಮೇಲೆ ಕಾಲಿಡ್ತವೆ.

ಪಿನ್ನು_ಪಟ್ಟಿ

ಅಂಚು ಸಮವೋ ಅಲ್ಲವೋ ಅವರಿಬ್ಬರಿಗೆ ಬಿಟ್ಟೆ. ನನ್ನದು ಒಂದು ಸೇರಿಸೋದಿದೆ.

ಐದು ಪ್ರತಿಗೂ ಮುಂಚೆ ಖಾಲಿ ಡಮ್ಮಿ ಮಾಡಿಸಿ: ಅದೇ ಕಾಗದದ 9 ಶೀಟ್, ಅದೇ ಕವರ್, ಮಡಚಿ ಪಿನ್ ಹೊಡೆದು ಕಟ್ ಮಾಡಿಸಿ. ಪೆನ್ಸಿಲ್‌ನಲ್ಲಿ ಪುಟಸಂಖ್ಯೆ ಬರೀರಿ. ಬೆನ್ನಿನ ಹತ್ತಿರ ಎಷ್ಟು ಪಠ್ಯ ಮುಳುಗುತ್ತೆ, ನಡುಪುಟದಲ್ಲಿ ಎಷ್ಟು ಕಟ್ ಆಯ್ತು, ಎರಡೂ ಸ್ಕೇಲ್ ಇಟ್ಟು ಅಳೆದು ಫೈಲ್ ತಿದ್ದಿ. ಆಮೇಲೆ ಒಂದೇ ಒಂದು ಶೀಟ್ ಬಣ್ಣದಲ್ಲಿ, ಅತಿ ಕತ್ತಲೆಯ ಫೋಟೊ ಇರೋ ಪುಟ.

ಕವರ್ 250 ಅಥವಾ 300 ಜಿಎಸ್‌ಎಂ ಆದ್ರೆ ಮಡಚೋಕೆ ಮುಂಚೆ ಕ್ರೀಸಿಂಗ್ (ಮಡಿಕೆಯ ಗೆರೆ ಒತ್ತೋದು) ಹೊಡೆಸಲೇಬೇಕು ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ರೆ ಹಾಗೇ ಮಡಚ್ತಾರೆ, ಡಿಜಿಟಲ್ ಟೋನರ್ ಮಡಿಕೆಯಲ್ಲಿ ಸಿಪ್ಪೆ ಎದ್ದು ಬಿಳಿ ಗೆರೆ ಬರುತ್ತೆ. ಬೆನ್ನ ಮೇಲೆ ಗಾಢ ಬಣ್ಣ ಇದ್ರೆ ಮ್ಯಾಟ್ ಲ್ಯಾಮಿನೇಶನ್ ಮಾಡಿಸಿ, ಆಮೇಲೆ ಕ್ರೀಸ್.

ಆಯುಧಪೂಜೆ ಹತ್ತಿರ ಇದ್ರೆ ಅಂಗಡಿಗೆ ಫೋನ್ ಮಾಡಿಕೊಂಡು ಹೋಗಿ. ಮೆಷಿನ್‌ಗೆ ಕುಂಕುಮ ಇಟ್ಟ ಮೇಲೆ ಯಾರೂ ಆನ್ ಮಾಡಲ್ಲ.